ನಡುಹಗಲ ಉಡಕಿ

ತಪ್... ತಪ್... ತಪ್...

ಸಿಂದಗಿಯ ಆ ಮನೆಗೆ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಪ್ರಿಯದರ್ಶಿನಿ ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಲು ಬಟ್ಟೆ ಅದ್ದಿದ್ದಳು ಅಷ್ಟೇ, ಬಾಗಿಲಲ್ಲಿ ಯಾರೋ ಕೂಗಿದರು.

"ಹಲಸಂಗಿ ಸರ್ ಅದಾರೇನ್ರಿ?"

ಕೈಯಲ್ಲಿನ ಒದ್ದೆ ಬಟ್ಟೆ ಅಲ್ಲೇ ನಿಂತಿತು.

ಹಲಸಂಗಿ ಸರ್! ಈ ಜಗತ್ತಿನಲ್ಲಿ ಅವಳನ್ನು ಹಾಗೆ ಕರೆಯುವ ಜಾಗ ಒಂದೇ ಒಂದು. ಆ ಜಾಗಕ್ಕೆ ಬಾಗಿಲಿಲ್ಲ, ಗೋಡೆಯಿಲ್ಲ. ಅಲ್ಲಿಂದ ಯಾರಾದರೂ ಎದ್ದು ಮನೆಗೇ ಬಂದುಬಿಡುತ್ತಾರೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ರೇವವ್ವ ತಲೆಯೆತ್ತಿದಳು.

"ಯಾ ಸರ್ ಯಪ್ಪಾ? ಈ ಮನ್ಯಾಗ ಗಂಡಸು ಅಂದ್ರ ಹಿತ್ತಲದಾಗಿನ ಟಗರು ಒಂದ!"

ಬಂದವನು ನಕ್ಕ. "ಸರ್ ಸಿಂದಗ್ಯಾಗ ಇರ್ತಾರಂತ ಬರದಿದ್ರು. ಹೊರಗ ಬೋರ್ಡೂ ಐತಲ್ರಿ ಅಮ್ಮಾರ, ಹಲಸಂಗಿ ಡಿ.ಟಿ.ಪಿ. ಅಂತ. ನಾ ತಂಗಡಗಿಯವ್ರಿ, ಹೆಸರು ಅಮಸಿದ್ದ. ಮುದ್ದೇಬಿಹಾಳದಾಗ ಟೆಲಿಫೋನ್ ಆಫೀಸಿನ್ಯಾಗ ಕೆಲಸ. ಅಗಸಿಕಟ್ಟಿ ಮ್ಯಾಲ ಸರ್ ಸಂಗಾಟ ನನ್ನ ಜಗಳ ಇಲ್ಲದ ದಿನ ಇಲ್ರಿ."

"ನಮ್ಮ ಅಗಸಿಕಟ್ಟಿ ಮ್ಯಾಲ ನಿನ್ನ ಎಂದೂ ನೋಡಿಲ್ಲಲ್ಲ?"

"ಅದು ಕಂಪ್ಯೂಟರಿನ್ಯಾಗಿನ ಕಟ್ಟಿರಿ..."

ತಂಗಡಗಿ! ಪ್ರಿಯದರ್ಶಿನಿ ಒಳಗಿನಿಂದಲೇ ಇಣುಕಿದಳು. ಅವನೇ! ಎಂಟು ತಿಂಗಳಿನಿಂದ ಅವಳ ನಿದ್ದೆ ಕೆಡಿಸಿದ್ದ ಆ ಮನುಷ್ಯ!

ಅದು ೨೦೦೭ರ ಮಾತು. ಊರಬಾಗಿಲ ಹರಟೆಕಟ್ಟೆಯ ಹೆಸರಿಟ್ಟುಕೊಂಡ 'ಅಗಸಿಕಟ್ಟೆ' ಎಂಬುದು ಅಂತರ್ಜಾಲದ ಒಂದು ತಾಣ. ಮೈಸೂರಿನವರು, ಮಂಗಳೂರಿನವರು, ದುಬೈಯಲ್ಲಿದ್ದವರು, ಮುಖ ಕಾಣದ ಎಷ್ಟೋ ಜನ ಅಲ್ಲಿ ಕನ್ನಡದಲ್ಲಿ ವಾದಿಸುತ್ತಿದ್ದರು. ಪಂಚಾಯತಿಗೆ ಹೆಂಗಸರನ್ನು ಆರಿಸಿ ಕುರ್ಚಿಯ ಮೇಲೆ ಗಂಡಂದಿರು ಕೂತರೆ ಅದೆಂಥ ರಾಜಕೀಯ? ಹಳ್ಳಿಗೆ ಮೊದಲು ರಸ್ತೆ ಬೇಕೋ, ಮೊಬೈಲ್ ಗೋಪುರ ಬೇಕೋ? ಕಂಪ್ಯೂಟರಿನಲ್ಲಿ ಕನ್ನಡ ಉಳಿದೀತೇ?

ಗಂಡ ಚಂದ್ರಾಮ ತೀರಿಕೊಂಡ ಮೇಲೆ ಅವನ ಡಿ.ಟಿ.ಪಿ. ಅಂಗಡಿಯನ್ನು ಪ್ರಿಯದರ್ಶಿನಿಯೇ ನಡೆಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅವಳ ತವರೂರೇ ಅಂಗಡಿಯ ಹೆಸರು. ಲಗ್ನಪತ್ರಿಕೆ ಟೈಪ್ ಮಾಡುವುದರ ನಡುವೆ ಅವಳೂ ಒಂದು ದಿನ ಕಟ್ಟೆ ಹತ್ತಿದ್ದಳು. ಮೊದಲು ಸ್ವಂತ ಹೆಸರಿನಲ್ಲೇ ಬರೆದಳು. ಬಂದ ಉತ್ತರ ಏನು ಗೊತ್ತೇ? "ಅಕ್ಕಾ, ಅಡುಗೆ ವಿಭಾಗ ಆ ಕಡೆ ಇದೆ."

ಮರುದಿನದಿಂದ ಅವಳು ಬರೀ 'ಹಲಸಂಗಿ' ಆದಳು. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರಲ್ಲವೇ! ಎಲ್ಲರೂ ಇವನ್ಯಾರೋ ಕಾಲೇಜು ಮೇಷ್ಟ್ರು ಎಂದುಕೊಂಡರು. ಹಲಸಂಗಿ ಸರ್ ಏನು ಹೇಳುತ್ತಾರೋ ಎಂದು ಕಾಯತೊಡಗಿದರು.

ಎಲ್ಲರೂ ತಲೆದೂಗಿದರೂ ತಂಗಡಗಿ ಮಾತ್ರ ಒಂದು ಮಾತೂ ಬಿಟ್ಟುಕೊಡುತ್ತಿರಲಿಲ್ಲ. ಅದರಲ್ಲೂ ಉಡಕಿಯ ವಿಷಯ ಬಂದರೆ ಮುಗಿಯಿತು.

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಕೈ ಹಿಡಿಸುವುದೇ ಉಡಕಿ. ಹಿಂದಿನಿಂದ ಬಂದ ಪದ್ಧತಿ. ಆದರೆ ಅದಕ್ಕೆ ಹಲಗೆಯ ಬಡಿತವಿಲ್ಲ, ಹಂದರವಿಲ್ಲ, ಪತ್ರಿಕೆಯಿಲ್ಲ. ಮುತ್ತೈದೆಯರ ಕಣ್ಣಿಗೆ ಬೀಳದಂತೆ ನಸುಕಿನ ಕತ್ತಲಲ್ಲೇ ಮುಗಿಸಿಬಿಡುತ್ತಾರೆ. ಉಡಕಿ ನಮ್ಮ ಹೆಮ್ಮೆ, ಕತ್ತಲೆಯಷ್ಟೇ ತಪ್ಪು ಎಂದು ಹಲಸಂಗಿ ಬರೆದರೆ, ತಂಗಡಗಿ ಬರೆದಿದ್ದ: "ಕತ್ತಲಲ್ಲಿ ಮಾಡುವ ಕೆಲಸ ಅದು. ಮಾಡಿಸುವವರಿಗೂ ಮಾನವಿಲ್ಲ, ಮಾಡಿಸಿಕೊಳ್ಳುವವಳಿಗೂ ಇಲ್ಲ."

ಆ ಸಾಲು ಓದಿದ ದಿನ ಅವಳಿಗೆ ಊಟ ಸೇರಿರಲಿಲ್ಲ.

ಅವನನ್ನು ಅವಳು ಕೋಲು ಹಿಡಿದ, ಗಂಟುಮುಖದ ಪಿಂಚಣಿದಾರ ಎಂದು ಎಣಿಸಿದ್ದಳು. ಈಗ ನೋಡಿದರೆ... ಮೂವತ್ತು ದಾಟಿದ ಕಪ್ಪನೆಯ ಗಟ್ಟಿಮುಟ್ಟು ಆಳು. ನಕ್ಕರೆ ಕಣ್ಣೂ ನಗುತ್ತವೆ! 'ಇಷ್ಟು ಚೆಂದ ನಗುವವನು ಅಷ್ಟು ಕಹಿ ಮಾತು ಹೇಗೆ ಬರೆದ?'

"ಸರ್ ಊರಿಗೆ ಹೋಗ್ಯಾರ್ರಿ," ಸುಳ್ಳು ತಾನಾಗಿಯೇ ಹೊರಬಿತ್ತು. "ನಾ ಅಂಗಡ್ಯಾಗ ಟೈಪ್ ಮಾಡಾಕಿ."

ರೇವವ್ವ ಸೊಸೆಯ ಮುಖ ನೋಡಿ ಮತ್ತೆ ಅಕ್ಕಿ ಆರಿಸತೊಡಗಿದಳು. ಬಾಗಿಲ ಹಿಂದೆ ಜಡೆ ಬಿಚ್ಚಿಕೊಂಡು ನಿಂತಿದ್ದ ಪ್ರಿಯದರ್ಶಿನಿಯ ಮಗಳು ಹುಲಿಗೆವ್ವ, ಎಲ್ಲರ ಬಾಯಲ್ಲಿ ಹುಲಿ, ಕಣ್ಣರಳಿಸಿದಳು.

"ಅವ್ವಾ..."

"ಏನ?"

"ಏನಿಲ್ಲ."

ಈಚೆಗೆ ಹೀಗೇ. ಹುಲಿ ಏನೋ ಕೇಳಲು ಬರುತ್ತಾಳೆ, ಬಾಯಿವರೆಗೂ ಬಂದದ್ದನ್ನು ನುಂಗಿಬಿಡುತ್ತಾಳೆ. ರೇವವ್ವನ ಮೈದುನ ರಾವಸಾಬ ಬಂದು "ಪ್ರಿಯವ್ವಗ ಒಂದು ಉಡಕಿ ಮಾಡಿಬಿಡೂಣು, ಕೂಸು ಹೆಂಗೂ ನಮ್ಮ ಮನೀದು, ಇಲ್ಲೇ ಇರ್ತೈತಿ" ಎಂದು ಹೋದ ದಿನದಿಂದ.

ರೇವವ್ವ ಬಂದವನನ್ನು ಬರಿಗೈಲಿ ಕಳಿಸುವವಳಲ್ಲ. "ಕುಂದರ ತಮ್ಮಾ, ಚಹಾ ಕುಡಿ."

ಅವನು ಒಲೆಯಿಂದ ತುಸು ದೂರ ಕಂಬಕ್ಕೊರಗಿ ಕೂತ.

"ಉಡಕಿ ಮ್ಯಾಲ ನಿಮಗ ಅಷ್ಟು ಸಿಟ್ಟು ಯಾಕ್ರಿ?" ಪ್ರಿಯದರ್ಶಿನಿ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಸರ್ ಟೈಪ್ ಮಾಡಸ್ತಾರಲ್ರಿ, ಅದಕ್ಕ ಗೊತ್ತು."

ಅವನ ನಗು ಇಳಿಯಿತು.

"ನಮ್ಮಕ್ಕ ಶಂಕ್ರೆವ್ವಗ ಉಡಕಿ ಮಾಡಿದ್ರು. ಕೋಳಿ ಕೂಗೂಕಿಂತ ಮದ್ಲ, ದೀಪಾ ಸಣ್ಣದು ಮಾಡಿ... ಕಳ್ಳತನ ಮಾಡಿದಂಗ. ಆಕಿ ಮಗನ್ನ ಹಳೇ ಮನಿಯವ್ರು ಕೊಡಲಿಲ್ಲ. ಪದ್ಧತಿ ಅಂದ್ರು. ಇವತ್ತಿಗೂ ಊಟಕ್ಕ ಕುಂತ್ರ ಮದ್ಲಿನ ತುತ್ತು ತಾಟಿನ ಬದಿಗಿ ಇಡ್ತಾಳ್ರಿ. ಯಾರಿಗಂತ ನಾವೂ ಕೇಳಿಲ್ಲ, ಆಕೀನೂ ಹೇಳಿಲ್ಲ."

ಪ್ರಿಯದರ್ಶಿನಿಯ ಕೈ ನಿಂತಿತು. 'ಅಯ್ಯೋ... ಇವನ ಸಿಟ್ಟು ನಮ್ಮಂಥವರ ಮೇಲಲ್ಲ!' ಎದೆಯಲ್ಲಿ ಏನೋ ಕರಗಿತು. ಆದರೆ ವಾದದ ಚಾಳಿ ಬಿಡಬೇಕಲ್ಲ! ತಾನು ಯಾರೆಂಬುದೇ ಮರೆತುಹೋಯಿತು.

"ಹಂಗಂತ ಉಡಕೀನ ಬೈದ್ರ ಅದು ಒಂದ ಮಗ್ಗಲು ಬೆಂದ ರೊಟ್ಟಿ ಆತ್ರಿ! ತಪ್ಪು ಸೀರಿ ಉಡಿಸಿದ್ದಲ್ಲ, ದೀಪಾ ಸಣ್ಣದು ಮಾಡಿದ್ದು!"

ಚಹಾದ ಬಟ್ಟಲು ಅವನ ತುಟಿಯ ಹತ್ತಿರವೇ ನಿಂತಿತು.

'ಒಂದೇ ಮಗ್ಗುಲು ಬೆಂದ ರೊಟ್ಟಿಯನ್ನು ನಮಗೆ ಬಡಿಸಬೇಡಿ.' ಕಟ್ಟೆಯ ಮೇಲೆ ಹಲಸಂಗಿಯವರ ಈ ಮಾತು ಗೊತ್ತಿಲ್ಲದವರೇ ಇರಲಿಲ್ಲ.

ಅವನು ಹಿಟ್ಟು ಮೆತ್ತಿದ ಅವಳ ಬೆರಳುಗಳನ್ನು ನೋಡಿದ. ಬಾಗಿಲ ಪರದೆಯಾಚೆ ಮುಂದಿನ ಕೋಣೆಯ ಕಂಪ್ಯೂಟರ್ ನೋಡಿದ. ಬೋಳು ಹಣೆ ನೋಡಿದ. ನಿಧಾನವಾಗಿ ಬಟ್ಟಲು ಕೆಳಗಿಟ್ಟ.

"ರೊಟ್ಟಿ ಹೊತ್ತಾಕತ್ತೈತ್ರಿ..." ಎಂದ, ಬಹಳ ಮೆತ್ತಗೆ. ಎದ್ದು ನಿಂತ. "ಸರ್ ಬಂದ್ರ ಹೇಳ್ರಿ. ಬರೂ ರವಿವಾರ ಮುಂಜಾನೆ ಕಟ್ಟಿ ಮಂದೆಲ್ಲ ಬಸವನ ಬಾಗೇವಾಡ್ಯಾಗ ಕೂಡಾಕತ್ತೇವಿ. ಉಡಕಿ ಬಗ್ಗೆ ಅವರದೂ ನಂದೂ ಎದರಾ ಎದರ ವಾದ ಇಟ್ಟಾರ. ಅದನ್ನ ಹೇಳಾಕ ಬಂದಿದ್ದೆ."

ಹೊಸ್ತಿಲು ದಾಟಿದವನು ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತು? ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಮಧ್ಯಾಹ್ನ, ಅಗಸಿಕಟ್ಟೆ ತೆರೆದಾಗ.

"ರವಿವಾರ ನಾನು ಹಲಸಂಗಿಯವರ ಜೊತೆ ವಾದ ಮಾಡುವುದಿಲ್ಲ. ಮುಂದೆಯೂ ಮಾಡುವುದಿಲ್ಲ. ಕ್ಷಮಿಸಿ. - ತಂಗಡಗಿ."

ಅವಳ ಕಣ್ಣು ಉರಿದವು.

'ಗೊತ್ತಾಯಿತು. ನಾನು ಹೆಣ್ಣೆಂದು ಗೊತ್ತಾಯಿತು! ಎಂಟು ತಿಂಗಳು ಸರಿಸಮ ಎಂದು ಹೊಡೆದಾಡಿದವನಿಗೆ, ಒಲೆಯ ಮುಂದೆ ಕೂತವಳನ್ನು ಕಂಡ ಕೂಡಲೇ ನಾನು ಸಮ ಅಲ್ಲದವಳಾದೆ. ಇವನೂ ಅಡುಗೆ ವಿಭಾಗ ತೋರಿಸುವವನೇ!'

ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಯಾರೋ ಪತ್ರಿಕೆಯ ಕರಡು ಕೇಳಿಕೊಂಡು ಬಂದರು, ಕೊಟ್ಟು ಕಳಿಸಿದಳು. ಮತ್ತೆ ಬಂದು ಕೂತು ಟೈಪ್ ಮಾಡಿದಳು.

"ನಾನು ಬರುತ್ತೇನೆ. ಎದುರಾಳಿ ಬಂದರೂ ಬರುತ್ತೇನೆ, ಬಾರದಿದ್ದರೂ ಬರುತ್ತೇನೆ. - ಪ್ರಿಯದರ್ಶಿನಿ, ಹಲಸಂಗಿ."

ಅವಳದೇ ಹೆಸರು. ಪರದೆಯ ಮೇಲೆ ಅದೆಷ್ಟು ಚೆಂದ ಕಾಣುತ್ತಿತ್ತು!

*

ಬಸವನ ಬಾಗೇವಾಡಿಯ ಆ ಸಭಾಂಗಣದಲ್ಲಿ ಜನ ತುಂಬಿದ್ದರು. ಮುಂದಿನ ಸಾಲಿನಲ್ಲಿ ರೇವವ್ವ, ಅವಳ ಸೆರಗು ಹಿಡಿದು ಹುಲಿ. ಮೂಲೆಯ ಕುರ್ಚಿಯಲ್ಲಿ ತಲೆತಗ್ಗಿಸಿ ಅಮಸಿದ್ದ. ಬಂದಿದ್ದ!

ಪ್ರಿಯದರ್ಶಿನಿ ಮೈಕಿನ ಮುಂದೆ ನಿಂತಳು.

"ಎಂಟು ತಿಂಗಳು ನೀವೆಲ್ಲಾ ಸರ್ ಅಂದ್ರಿ. ನಾ ಸುಮ್ಮನಿದ್ದೆ. ಇವತ್ತ ಸುಮ್ಮನಿರೂದಿಲ್ಲ. ನಾ ಟೈಪ್ ಮಾಡಾಕಿ. ಒಂದ ಮಗಳ ತಾಯಿ. ಗಂಡ ಇಲ್ಲದಾಕಿ."

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟೋ ಕಡೆ ಗಂಡ ಸತ್ತಾಕಿನ್ನ ಮೂಲ್ಯಾಗ ಕುಂಡರಸೂ ಕಾಲಕ್ಕ, ಕುರಿ ಕಾಯೂ ನಮ್ಮ ಹಿರಿಯಾರು ಆಕಿಗೆ ಹೊಸ ಸೀರಿ ಕೊಟ್ಟು, ಬಾಳೇ ಮಾಡವಾ ಅಂದ್ರು. ಇದಕ್ಕಿಂತ ದೊಡ್ಡ ಮಾತು ಯಾವ ಪುಸ್ತಕದಾಗ ಐತಿ? ನಾ ಎಷ್ಟೋ ಲಗ್ನಪತ್ರಿಕಿ ಮಾಡೇನಿ. ಒಂದ ಒಂದು ಉಡಕಿ ಪತ್ರಿಕಿ ಮಾಡಿಲ್ಲ. ಮಾಡ್ಸಾಕ ಯಾರೂ ಬಂದಿಲ್ಲ. ಹೆಮ್ಮಿ ಪಡೂ ಕೆಲಸ ಮಾಡಿ ಮಾರಿ ಮುಚ್ಚಿಕೊಂಡ್ರ ಹೆಂಗ್ರಿ? ನಡುಹಗಲ ಮಾಡ್ರಿ. ಹಲಗಿ ಬಾರಸ್ರಿ!"

ಚಪ್ಪಾಳೆಯ ಮೇಲೆ ಚಪ್ಪಾಳೆ. ರೇವವ್ವ ಪಕ್ಕದವಳಿಗೆ ಮೊಣಕೈ ತಿವಿದು, "ನಮ್ಮ ಸೊಸಿ!" ಎಂದಳು.

ಅಮಸಿದ್ದ ಎದ್ದ. "ನಾ ಸೋತೇನ್ರಿ. ಹಲಸಂಗಿಯವ್ರು ಗೆದ್ರು." ಮತ್ತೆ ಕೂರಲು ಹೋದ.

"ನಿಂದರ್ರಿ!"

ಅವಳ ಕೂಗಿಗೆ ಇಡೀ ಸಭೆ ಬೆಚ್ಚಿತು.

"ಗಂಡಸು ಅಂತ ತಿಳಕೊಂಡಾಗ ಒಂದ ಅಕ್ಷರ ಬಿಟ್ಟುಕೊಡಲಿಲ್ಲ. ಹೆಂಗಸು ಅಂತ ಗೊತ್ತಾದ ಕೂಡ್ಲೆ ಗೆಲುವು ದಾನಾ ಮಾಡ್ತೀರೇನ? ನನಗ ನಿಮ್ಮ ದಾನಾ ಬ್ಯಾಡ!"

"ಹಂಗಲ್ರಿ..." ಅವನ ಕಣ್ಣು ತುಂಬಿದ್ದವು. "ಹೆಂಗಸು ಅಂತ ಬಿಟ್ಟಿಲ್ರಿ. ಮಾನ ಇಲ್ಲ ಅಂತ ಒಂದ ಮಾತು ಬರದಿದ್ದೆ ನಾ. ಅದನ್ನ ನೀವು ಒಬ್ಬರ ಕುಂತು ಓದಿರಬೇಕಲ್ಲ... ನಿಮ್ಮ ಮನ್ಯಾಗ ಕುಂತಾಗ ಆ ಮಾತು ನನಗ ತಿರುಗಿ ಬಡೀತ್ರಿ. ಇನ್ನ ಯಾ ಬಾಯಿಲೆ ವಾದ ಮಾಡ್ಲಿ?"

ಓ... ಹಾಗಾದರೆ ಅವನು ಹಿಂದೆ ಸರಿದದ್ದು ತಾತ್ಸಾರದಿಂದಲ್ಲ!

ಅವಳ ಸಿಟ್ಟು ಇಳಿಯಿತು. ಆದರೂ ತಲೆ ಬಾಗಲಿಲ್ಲ.

"ನೊಂದೆ. ಖರೇ. ಆ ನೋವು ನಂದು, ನಾ ನೋಡಕೋತೇನಿ. ನೀವು ವಾದ ಮಾಡ್ರಿ, ತಂಗಡಗಿಯವ್ರ. ನನ್ನ ಸರಿಸಮ ನಿಂತು ವಾದ ಮಾಡ್ರಿ!"

ಅವನು ಅವಳನ್ನೇ ನೋಡಿದ. ಆಮೇಲೆ ಮೈಕಿನ ಹತ್ತಿರ ಬಂದ.

"ಹಂಗಾರ ಕೇಳ್ರಿ. ನಡುಹಗಲ ಮಾಡಿದ್ರಿ, ಹಲಗಿ ಬಾರಿಸಿದ್ರಿ, ಪತ್ರಿಕಿ ಹಂಚಿದ್ರಿ. ಆಕಿ ಕೂಸು? ಸೂರ್ಯಾ ನೆತ್ತಿ ಮ್ಯಾಲ ಬಂದ್ರ ಕೂಸು ಅವ್ವನ ಸಂಗಾಟ ಬರತೈತೇನ್ರಿ? ಹಳೇ ಮನ್ಯಾಗ ಕೂಸಿನ್ನ ಬಿಟ್ಟು ಹೋಗೂ ಉಡಕಿ, ಹಗಲ ಮಾಡಿದ್ರೂ ಕತ್ತಲೀನ ಅಲ್ಲೇನ್ರಿ?"

ಪ್ರಿಯದರ್ಶಿನಿ ಮಗಳತ್ತ ತಿರುಗಿದಳು.

ಮುಂದಿನ ಸಾಲಿನಲ್ಲಿ ಹುಲಿ ಕಣ್ಣು ಮಿಟುಕಿಸದೆ ಅವ್ವನನ್ನೇ ನೋಡುತ್ತಿದ್ದಳು. ಅದೇ ನೋಟ. ಬಾಯಿವರೆಗೂ ಬಂದು ಮರಳಿ ಹೋಗುವ ಅದೇ ಪ್ರಶ್ನೆ! ಮಗಳು ಇಷ್ಟು ದಿನ ಏನು ನುಂಗುತ್ತಿದ್ದಳೆಂದು ತಾಯಿಗೆ ಆಗ ಅರ್ಥವಾಯಿತು.

"ಈ ಮಾತಿಗೆ..." ಅವಳು ನಿಧಾನವಾಗಿ ಅಂದಳು, "ನನ್ನ ಕಡೆ ಉತ್ತರ ಇಲ್ರಿ."

ಹಲಸಂಗಿ ಹಾಗೆ ಹೇಳಿದ್ದು ಅದೇ ಮೊದಲು. ಆದರೆ ವಿಚಿತ್ರ ನೋಡಿ, ಸೋತೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಬಹಳ ದಿನದ ಮೇಲೆ ಯಾರೋ ತನ್ನನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರು ಅನ್ನಿಸಿತು.

ಬಸ್ ನಿಲ್ದಾಣದಲ್ಲಿ ಅವನು ಓಡೋಡಿ ಬಂದ. ಹುಲಿಯ ಕೈಗೆ ಮಂಡಕ್ಕಿ ಗಿರಮಿಟ್ಟಿನ ಪೊಟ್ಟಣ ಕೊಟ್ಟ. ಆಮೇಲೂ ಅಲ್ಲೇ ನಿಂತ.

"ಏನರ ಹೇಳೂದಿತ್ತೇನ್ರಿ?" ಪ್ರಿಯದರ್ಶಿನಿ ಕೇಳಿದಳು.

"ಹೌದ್ರಿ. ಹಲಸಂಗಿ ಸರ್ ಉತ್ತರ ಬಂತೇನಂತ ನಾ ದಿನಾ ಉಣ್ಣೂದು ಬಿಟ್ಟು ನೋಡ್ತಿದ್ದೆ. ಒಬ್ಬ ಮೇಷ್ಟ್ರ ಮಾತಿಗೆ ಇಷ್ಟ್ಯಾಕ ಕಾಯ್ತೇನಪಾ ಅಂತ ನನಗ ನನ್ನ ಮ್ಯಾಲ ಸಂಶೆ ಬಂದಿತ್ತು!"

ಅವಳು ಫಕ್ಕನೆ ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು!

"ಆ ಮಾತಿಗೆ ನಿಮ್ಮ ಕಡೆ ಉತ್ತರ ಇಲ್ಲ ಅಂದ್ರೆಲ್ರಿ," ಅವನು ಬೆವರು ಒರೆಸಿಕೊಂಡ. "ನನ್ನ ಕಡೇನೂ ಇಲ್ರಿ. ಇಬ್ಬರೂ ಕೂಡಿ... ಹುಡುಕೂಣೇನ್ರಿ?"

ಅವಳ ಕೆನ್ನೆ ಬಿಸಿಯಾಯಿತು.

ರೇವವ್ವ ನಡುವೆ ಬಾಯಿ ಹಾಕಿದಳು. "ತಮ್ಮಾ, ಇದು ವಾದನೋ, ಹೆಣ್ಣು ಕೇಳೂದೋ? ಛಂದಂಗ ಬಿಡಿಸಿ ಹೇಳು. ಬಸ್ಸು ಬರಾಕತ್ತೈತಿ!"

*

ಒಂದು ತಿಂಗಳ ಮೇಲೆ ಸಿಂದಗಿಯ ಮನೆಯಲ್ಲಿ ಹಿರಿಯರ ಮಾತು ನಡೆಯಿತು. ಅಮಸಿದ್ದನ ಜೊತೆ ಅಕ್ಕ ಶಂಕ್ರೆವ್ವ ಬಂದಿದ್ದಳು. ಈ ಕಡೆಯಿಂದ ರಾವಸಾಬ.

"ಹುಡುಗ ನಮ್ಮ ಪೈಕೀನ. ನಂದೇನು ತಕರಾರಿಲ್ಲ," ರಾವಸಾಬ ಮೀಸೆ ತೀಡಿದ. "ಆದ್ರ ಪದ್ಧತಿ ಪದ್ಧತಿನ. ನಸುಕಿನ್ಯಾಗ ಸೀರಿ ಉಡಸೂದು. ಲಗ್ನ ಆಗದ ಹುಡುಗ ಉಡಕಿ ಮಾಡಿಕೋಬೇಕಾದ್ರ, ಮದ್ಲ ಎಕ್ಕಿ ಗಿಡಕ್ಕ ತಾಳಿ ಕಟ್ಟಬೇಕು."

"ಗಿಡಾ ಹೂಂ ಅಂತೇನು?" ಹುಲಿ ಕೇಳಿದಳು.

"ಅದನ್ನೂ ಕೇಳೇ ಕಟ್ಟೂಣು," ಅಮಸಿದ್ದ ಗಂಭೀರವಾಗಿ ಅಂದ.

"ಚ್ಯಾಷ್ಟಿ ಸಾಕು!" ರಾವಸಾಬ ಗದರಿದ. "ಮತ್ತ ಕೂಸು ನಮ್ಮ ಮನೀದು. ಇಲ್ಲೇ ಇರತೈತಿ."

ಹುಲಿಯ ಮುಖ ಸಣ್ಣದಾಯಿತು.

"ಹಂಗಾರ ಈ ಉಡಕಿ ಬ್ಯಾಡ ಕಾಕಾರ," ಪ್ರಿಯದರ್ಶಿನಿ ಎದ್ದು ನಿಂತಳು. ಅಮಸಿದ್ದನನ್ನು ನೋಡಿದಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಿತ್ತು. "ನೀವಂದ್ರ ನನಗ ಜೀಂವ್ರಿ. ಆದ್ರ ಮಗಳನ್ನ ಬಿಟ್ಟು ನಾ ಒಂದ ಹೆಜ್ಜಿ ಇಡೂದಿಲ್ಲ."

"ಇಟ್ರ ನಾ ನಿಮ್ಮ ಸಂಗಾಟ ಮಾತಾಡೂದಿಲ್ರಿ," ಅಮಸಿದ್ದ ಅಂದ.

ಯಾರೂ ಕೇಳದಿದ್ದರೂ ಶಂಕ್ರೆವ್ವ ಮೆಲ್ಲಗೆ ಬಾಯಿಬಿಟ್ಟಳು. "ಕಾಕಾರ... ನಾ ಇಟ್ಟೆ. ಆ ಹೆಜ್ಜಿ ಇನ್ನೂ ನೋಯ್ತೈತ್ರಿ."

ಹಿತ್ತಲಲ್ಲಿ ಟಗರು ಗೂಟಕ್ಕೆ ಗುದ್ದುವುದು ಕೇಳುತ್ತಿತ್ತು.

ಆಗ ರೇವವ್ವ ಸೆರಗು ಬಿಗಿದುಕೊಂಡು ಎದ್ದಳು.

"ರಾವಸಾಬ, ಹಳೇ ಮನಿ ಹಳೇ ಮನಿ ಅಂತಿಯಲ್ಲ, ಹಳೇ ಮನಿ ಅಂದ್ರ ಯಾರು? ನಾ! ಚಂದ್ರಾಮನ ಹಡದಾಕಿ ನಾ. ಈ ಕೂಸಿನ ಮ್ಯಾಲ ಹಕ್ಕಿದ್ರ ಅದು ನಂದು, ನಿಂದಲ್ಲ. ನಾ ಈಕಿನ್ನ ಈಕಿ ಅವ್ವನ ಸಂಗಾಟ ಕಳಸಾಕಿ. ಬೇಕಾದ್ರ ನಾನೂ ಟಗರೂ ಹಿಂದಿಂದ ಹೋಗ್ತೇವಿ! ಪ್ರಿಯವ್ವಾ, ಆ ಪೆಟಗಿ ಚಾಲೂ ಮಾಡು. ಪತ್ರಿಕಿ ಹೊಡಿ."

"ಉಡಕಿಗೆ ಪತ್ರಿಕಿ? ಮಂದಿ ನಗ್ತಾರವಾ!" ರಾವಸಾಬ ಅಂದ.

"ನಗಲಿ. ಊಟಕ್ಕ ಬಂದು ನಗಲಿ."

ರಾವಸಾಬ ಪಟ್ಟನೆ ಎದ್ದ. "ನಿಮ್ಮ ಪತ್ರಿಕ್ಯಾಗ ನನ್ನ ಹೆಸರು ಹಾಕಬ್ಯಾಡ್ರಿ." ಹೊಸ್ತಿಲಾಚೆ ಚಪ್ಪಲಿ ಹುಡುಕತೊಡಗಿದ.

ಪ್ರಿಯದರ್ಶಿನಿ ಕಂಪ್ಯೂಟರಿನ ಮುಂದೆ ಕೂತಳು. ಬೆರಳುಗಳಿಗೆ ಲಗ್ನಪತ್ರಿಕೆ ಬಾಯಿಪಾಠ. ಆದರೂ ಇವತ್ತು ಒಂದೊಂದು ಅಕ್ಷರವೂ ಹೊಸದು. 'ಉಡಕಿ ಸಮಾರಂಭ' ಎಂದು ದಪ್ಪಕ್ಷರದಲ್ಲಿ ಹೊಡೆದಳು. ಸಮಯ: ನಡುಹಗಲು ಹನ್ನೆರಡು ಗಂಟೆ. ವಧು: ಪ್ರಿಯದರ್ಶಿನಿ. ವರ: ಅಮಸಿದ್ದ.

ಅಮಸಿದ್ದ ಹಿಂದೆ ಬಂದು ನಿಂತ. "ವಾದ ಮುಗೀತೇನ್ರಿ ಹಲಸಂಗಿ ಸರ್?"

"ಎಲ್ಲೀದ್ರಿ," ಅವಳು ತಿರುಗದೆಯೇ ನಕ್ಕಳು. "ಊರಿಗೆ ಮದ್ಲ ರಸ್ತೆ ಬೇಕೋ, ಮೊಬೈಲ್ ಬೇಕೋ ಅನ್ನೂದು ಹಂಗ ಉಳದೈತಿ. ಅದನ್ನ ಮುದ್ದೇಬಿಹಾಳದಾಗ, ಒಲಿ ಮುಂದ ಕುಂತು ಮುಗಸೂಣು."

"ನಾ ಬಿಟ್ಟುಕೊಡಾವಲ್ಲ ಮತ್ತ."

"ಕೊಟ್ರ ನೋಡ್ರಿ!"

ಪತ್ರಿಕೆಯ ಕೊನೆಯ ಸಾಲು ಬಂತು. 'ತಮ್ಮ ಆಗಮನವನ್ನು ಬಯಸುವವರು.' ಮನೆಯ ಹಿರಿಯ ಗಂಡಸಿನ ಹೆಸರು ಬರುವ ಜಾಗ. ಅವಳ ಬೆರಳು ಅಲ್ಲಿ ನಿಂತವು... ಆಮೇಲೆ ನಿಧಾನವಾಗಿ ಚಲಿಸಿದವು.

ಹುಲಿ ಬಂದು ಅವ್ವನ ಭುಜಕ್ಕೆ ಗದ್ದವಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಹು... ಲಿ... ಗೆ... ವ್ವ. ಎರಡನೇ... ಇಯತ್ತೆ... ಕನ್ನಡ ಶಾಲೆ." ಕಣ್ಣು ದೊಡ್ಡವಾದವು. "ಅವ್ವಾ! ಇದು ನಾನ!"

"ಹೌದವಾ. ಊರ ಮಂದಿನ್ನೆಲ್ಲಾ ನೀನ ಕರ್ಯಾಕಿ."

ಹುಲಿ ಪರದೆಯ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿದಳು.

"ಅವ್ವಾ..."

"ಏನ?"

ಈ ಸಲ ಅವಳು 'ಏನಿಲ್ಲ' ಅನ್ನಲಿಲ್ಲ. ಅಜ್ಜಿಯನ್ನು ನೋಡಿದಳು, ಅಮಸಿದ್ದನನ್ನು ನೋಡಿದಳು. ಹೊಸ್ತಿಲಾಚೆ ಒಂದು ಚಪ್ಪಲಿ ಮೆಟ್ಟಿ ನಿಂತಿದ್ದ ರಾವಸಾಬನಿಗೂ ಕೇಳುವ ಹಾಗೆ, ಗಟ್ಟಿಯಾಗಿ ಕೇಳಿದಳು:

"ಹಂಗಾರ ನೀ ಆ ಮನಿಗೆ ಹೋಗೂ ಮುಂದ ನನ್ನ ಇಲ್ಲೇ ಬಿಟ್ಟು ಹೋಗೂದಿಲ್ಲ, ಹೌದಿಲ್ಲೋ ಅವ್ವಾ?"